ಯುದ್ಧವನ್ನೇ ಕಾಣದ ಯುದ್ಧನೌಕೆ

ನನ್ನ ಮಗಳು ಕಳೆದ ವಾರ ಒಂದು ಹಡಗಿನ ಜೊತೆ ಟೂ ಬಿಟ್ಟಳು.

ಅದೂ ಇನ್ನೂರು ವರ್ಷ ಹಳೆಯ ಹಡಗು. ಮೂರು ಹಾಯಿಕಂಬ, ಬೆಳ್ಳನೆ ಹಾಯಿ, ಎರಡೂ ಪಕ್ಕ ಸಾಲುಸಾಲು ಫಿರಂಗಿ. ಚಿತ್ರ ನೋಡಿದರೆ ಯಾರಿಗಾದರೂ ಪ್ರೀತಿ ಹುಟ್ಟಬೇಕು. ಇವಳಿಗೆ ಮೈಯೆಲ್ಲ ಉರಿ!

ಅದಿತಿಗೆ ಹದಿನಾಲ್ಕು. ಇಲ್ಲೇ ಸಿಂಗಪುರದಲ್ಲಿ ಬೆಳೆದವಳು. ಹಿಸ್ಟರಿ ಟೀಚರ್ ಕ್ಲಾಸಿನಲ್ಲಿ ಚೀಟಿ ಎತ್ತಿಸಿ ಒಬ್ಬೊಬ್ಬರಿಗೆ ಒಂದೊಂದು ಹಳೆಯ ಯುದ್ಧನೌಕೆ ಹಂಚಿದ್ದರು. ಅದು ಎಲ್ಲೆಲ್ಲಿ ಸೇವೆ ಮಾಡಿತು, ಏನು ಸಾಧಿಸಿತು ಅಂತ ಐದು ನಿಮಿಷ ಮಾತಾಡಬೇಕು. ಗೆಳತಿ ಮೇ ಲಿಂಗ್‌ಗೆ ಸಿಕ್ಕ ಹಡಗು ಮೂರು ಕದನ ಗೆದ್ದು, ನಾಲ್ಕನೆಯದರಲ್ಲಿ ಬೆಂಕಿ ಹತ್ತಿ ಮುಳುಗಿತ್ತು. ಅದೃಷ್ಟ ಅಂದರೆ ಅದು! ನಮ್ಮ ಪಾಲಿಗೆ ಬಂದದ್ದು?

"ಸುಮ್ನೆ ನಿಂತಿತ್ತಮ್ಮಾ! ಎರಡು ವರ್ಷ! ಒಂದೇ ಕಡೆ! ಸೋ ಬೋರಿಂಗ್ ಲಾ!" (ಮಾತಿನ ಬಾಲಕ್ಕೊಂದು "ಲಾ" ಅಂಟಿಸುವುದು ಇಲ್ಲಿನವರ ರೂಢಿ.)

ವಿಷಯ ಇಷ್ಟು. ಯುದ್ಧಕಾಲ. ಶತ್ರುವಿನ ಬಂದರಿನಿಂದ ಒಂದು ಹಡಗೂ ಹೊರಗೆ ಬರಬಾರದು, ಒಂದೂ ಒಳಗೆ ಹೋಗಬಾರದು. ದಿಗ್ಬಂಧನ. ನಮ್ಮ ಹಡಗು ದಡ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಂತು ಕಾಯಬೇಕು. ಗಾಳಿ ತಳ್ಳಿತೇ? ಹಾಯಿ ತಿರುಗಿಸಿಕೊಂಡು ಮತ್ತೆ ಅದೇ ಜಾಗಕ್ಕೆ ಬರಬೇಕು. ಅದರ ದಿನಚರಿಯ ಪುಟಗಳು ಇಂಟರ್ನೆಟ್‌ನಲ್ಲಿ ಸಿಕ್ಕವು. "ನೈಋತ್ಯದ ಗಾಳಿ. ಅದೇ ಜಾಗ. ವಿಶೇಷವಿಲ್ಲ." ಮರುದಿನ? "ಮಂಜು. ಅದೇ ಜಾಗ. ವಿಶೇಷವಿಲ್ಲ." ಹೀಗೇ ಪುಟಗಟ್ಟಲೆ. (ಭಾನುವಾರ ಮೈಸೂರಿಗೆ ಫೋನ್ ಮಾಡಿ ನಾನು ಅಮ್ಮನಿಗೆ ಒಪ್ಪಿಸುವ ವರದಿಯೂ ಹೆಚ್ಚುಕಡಿಮೆ ಇದೇ.)

ನಾನು ಅಂಕಣ ಬರೆಯುವವಳಲ್ಲವೇ? ಕತ್ತರಿ ಹಾಕುವ ಚಟ ಸುಮ್ಮನಿರಲಿಲ್ಲ. "ವಿಶೇಷ ಇಲ್ಲ ಅನ್ನೋ ಸಾಲೆಲ್ಲ ಡಿಲೀಟ್ ಮಾಡು ಪುಟ್ಟಿ. ಇಂಟರೆಸ್ಟಿಂಗ್ ಆಗಿರೋದು ಮಾತ್ರ ಇಟ್ಕೋ" ಅಂದೆ. ಪಾಪ, ಮಾಡಿದಳು. ಎರಡು ವರ್ಷದ ಸೇವೆ ಎರಡು ಸ್ಲೈಡಿಗೆ ಇಳಿಯಿತು: ಒಂದು ಬಿರುಗಾಳಿ, ಒಂದು ಹುಳ ಬಿದ್ದ ಬಿಸ್ಕತ್ತು. ಐದು ನಿಮಿಷ ಎಲ್ಲಿಂದ ಬರಬೇಕು? ಮರುದಿನವೇ ಪ್ರೆಸೆಂಟೇಷನ್. ಮಗಳ ಕಣ್ಣಲ್ಲಿ ನೀರು.

"ಇದು ಅಪ್ಪನ ಜಾಬ್ ಥರಾನೇ ಅಮ್ಮಾ. ನಥಿಂಗ್ ಹ್ಯಾಪನ್ಸ್" ಅಂದಳು.

ಅಪ್ಪ, ಅಂದರೆ ನನ್ನ ಗಂಡ ನಾಗೇಶ, ಆಗಷ್ಟೇ ಪಾಸಿರ್ ಪಂಜಾಂಗ್ ಬಂದರಿನಿಂದ ಶಿಫ್ಟ್ ಮುಗಿಸಿ ಬಂದು ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ. ಕೇಳಿಸಿತೇ? ಕೇಳಿಸಿತು. ಶೂ ಬಿಚ್ಚಲು ಯಾರಿಗೂ ಅಷ್ಟು ಹೊತ್ತು ಬೇಕಾಗುವುದಿಲ್ಲ.

ಅವನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಯಾರ್ಡಿನಲ್ಲಿ ಫ್ರಿಜ್ಜಿನಂಥ ಕಂಟೇನರುಗಳ ಸಾಲು. ಒಳಗೆ ಮೀನು, ಹಣ್ಣು, ಔಷಧಿ. ಒಂದೊಂದರ ಮುಂದೆಯೂ ನಿಂತು ಟೆಂಪರೇಚರ್ ನೋಡಬೇಕು, ಬರೆಯಬೇಕು, ಮುಂದಿನ ಶಿಫ್ಟಿನವರಿಗೆ ಒಪ್ಪಿಸಿ ಸಹಿ ಹಾಕಿಸಿಕೊಳ್ಳಬೇಕು. ಹದಿನಾರು ವರ್ಷದಿಂದ ಇದೇ. "ಇವತ್ತು ಏನಾಯ್ತು?" ಅಂದರೆ "ಏನಿಲ್ಲ" ಅನ್ನುತ್ತಾನೆ. ಈ ಮನುಷ್ಯನಿಗೆ ಮಾತಾಡೋಕೆ ವಿಷಯವೇ ಇಲ್ಲವಲ್ಲ ಅಂತ ನಾನೂ ಎಷ್ಟು ಸಲ ಗೊಣಗಿದ್ದೇನೋ.

ಕೈಕಾಲು ತೊಳೆದು ಬಂದು ಲ್ಯಾಪ್‌ಟಾಪ್ ಮುಂದೆ ಕೂತ. ಅಳಿಸಿದ ಸಾಲುಗಳನ್ನೆಲ್ಲ ವಾಪಸ್ ತರಿಸಿ ಒಂದೊಂದಾಗಿ ಓದಿದ. ನಾನು ಕೊಟ್ಟ ಕಾಫಿ ಹಾಗೇ ಆರಿಹೋಯಿತು.

"ಇದನ್ಯಾಕೆ ತೆಗೆದ್ರಿ? ಹಡಗು ಮಾಡಿದ ಕೆಲಸಾನೇ ಇದು."

"ಏನೂ ಆಗ್ಲೇ ಇಲ್ವಲ್ಲಪ್ಪಾ?"

"ಆಗ್ಲಿಲ್ಲ ಅಂತ ಬರೆದೋನಿಗೆ ಹೇಗೆ ಗೊತ್ತಾಯ್ತು? ಹೋಗಿ ನೋಡಿದಾನೆ ಕಣೇ. ದಿನಾ ನೋಡಿದಾನೆ. ನೋಡ್ದೇನೇ ವಿಶೇಷವಿಲ್ಲ ಅಂತ ಬರೆದ್ರೆ, ಬಾಗಿಲು ತೆಗೆದಾಗ ಮೀನೆಲ್ಲ ಕೊಳೆತಿರತ್ತೆ."

"ಬಟ್ ಅಪ್ಪಾ, ಹೂ ಕೇರ್ಸ್?"

ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ, ಪಾಸ್‌ಪೋರ್ಟ್ ಇಡುವ ಡ್ರಾಯರಿನ ತಳದಿಂದ ನೀಲಿ ರಟ್ಟಿನ ನೋಟ್‌ಬುಕ್ ತಂದು ಮಗಳ ಕೈಗಿಟ್ಟೆ. "ಅಯ್ಯೋ, ಅದ್ಯಾಕೀಗ?" ಅಂತ ನಾಗೇಶ ನಾಚಿಕೊಂಡ.

ಅದಿತಿ ಏಳು ತಿಂಗಳಿಗೇ ಹುಟ್ಟಿದ ಕೂಸು. ಆಸ್ಪತ್ರೆಯಿಂದ ಮನೆಗೆ ಬಂದಾಗ ನನ್ನ ಎರಡು ಅಂಗೈಯಲ್ಲಿ ಹಿಡಿಸುತ್ತಿದ್ದಳು. ಮೈ ತಣ್ಣಗಾದರೆ ತಕ್ಷಣ ಕರೆತನ್ನಿ ಅಂದಿದ್ದರು ಡಾಕ್ಟರ್. ನಾನು ಹೆದರಿ ಅಳುತ್ತಾ ಕೂರುತ್ತಿದ್ದೆ. ಇವನು ಯಾರ್ಡಿನ ಅಭ್ಯಾಸದಂತೆ ಸ್ಕೇಲಿಟ್ಟು ಗೆರೆ ಎಳೆದ. ಗಂಟೆ, ಟೆಂಪರೇಚರ್, ಹಾಲು, ಉಸಿರು. ಕೊನೆಯ ಕಾಲಂನಲ್ಲಿ, "ವಿಶೇಷ ಇಲ್ಲ." ಕೆಲಸಕ್ಕೆ ಹೊರಡುವಾಗ ಪುಸ್ತಕ ನನಗೆ ಒಪ್ಪಿಸಿ, ಸಹಿ ಹಾಕಿಸಿಕೊಂಡೇ ಹೋಗುತ್ತಿದ್ದ! (ಕಟ್ಟಿಕೊಂಡ ಹೆಂಡತಿಯಿಂದ ಹ್ಯಾಂಡ್‌ಓವರ್ ಸಹಿ ಪಡೆದ ಗಂಡಸು ಇನ್ನೊಬ್ಬನಿದ್ದರೆ ದಯವಿಟ್ಟು ತಿಳಿಸಿ.) ಎರಡು ಗಂಟೆಗೊಮ್ಮೆ, ಮೂರು ತಿಂಗಳು.

ಅದಿತಿಗೆ ಕನ್ನಡ ಓದಲು ಸರಾಗವಾಗಿ ಬರುವುದಿಲ್ಲ. ಮೊದಲ ಪುಟದಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಆಮೇಲೆ ಕೂಡಿಸುವ ಕಷ್ಟವಿರಲಿಲ್ಲ. ಎಲ್ಲ ಸಾಲಿನ ಕೊನೆಯೂ ಒಂದೇ.

"ಎವೆರಿ ಟೂ ಅವರ್ಸ್, ಅಪ್ಪಾ?"

"ಹ್ಞೂಂ. ನಾನು ಶಿಫ್ಟಲ್ಲಿದ್ದಾಗ ಅಮ್ಮ."

ಅವಳು ಅಪ್ಪನ ತೋಳಿಗೆ ಮುಖ ಒತ್ತಿಕೊಂಡಳು. ನನಗೂ ಅಳು ಬಂತು, ನಿಮ್ಮ ಹತ್ತಿರ ಮುಚ್ಚಿಡುವುದೇನು.

ಮರುದಿನ ಕ್ಲಾಸಿನಲ್ಲಿ ಅವಳು ಸ್ಲೈಡ್ ತೋರಿಸಲಿಲ್ಲವಂತೆ. ದಿನಚರಿಯ ಸಾಲುಗಳನ್ನು ಒಂದರ ಹಿಂದೆ ಒಂದು ಓದುತ್ತಾ ಹೋದಳಂತೆ. ಮೊದಲು ನಗು, ಆಮೇಲೆ ಆಕಳಿಕೆ, ಆಮೇಲೆ ಯಾರೂ ಪಿಟ್ಟೆನ್ನಲಿಲ್ಲವಂತೆ. ಆ ಎರಡು ವರ್ಷ ಬಂದರಿನಿಂದ ಒಂದು ಹಡಗೂ ಹೊರಗೆ ಬರಲಿಲ್ಲ ಅಂತ ಹೇಳಿ ಕೂತಳಂತೆ. ಮಾರ್ಕ್ಸ್ ಇನ್ನೂ ಬಂದಿಲ್ಲ. ಮುಳುಗಿದ ಹಡಗಿನ ಒಡತಿ ಮೇ ಲಿಂಗ್ ಮಾತ್ರ "ಎಕ್ಸ್‌ಚೇಂಜ್ ಮಾಡ್ಕೊಳ್ಳೋಣ್ವಾ?" ಅಂತ ಕೇಳಿದಳಂತೆ.

ಅವತ್ತು ಸಂಜೆ ನಾಗೇಶ ಶೂ ಬಿಚ್ಚುವ ಮೊದಲೇ ಮಗಳು ಬಾಗಿಲಲ್ಲಿ ನಿಂತಿದ್ದಳು.

"ಅಪ್ಪಾ, ಇವತ್ತು ಏನಾಯ್ತು?"

"ಏನಿಲ್ಲ ಪುಟ್ಟಿ."

"ಗುಡ್ ಜಾಬ್ ಲಾ, ಅಪ್ಪಾ!"

ಇವತ್ತು ನಿಮ್ಮ ಮನೆಯಲ್ಲೂ ಏನೂ ಆಗಲಿಲ್ಲ ತಾನೇ? ಯಾರ ಕೆಲಸ ಅದು?