ನೀಲಾಳ ಹೆಸರಿನಲ್ಲಿ ನನ್ನ ಎದೆಬಡಿತ

ಗಿರಿಜಾ, ಡಾಕ್ಟರು ಶುದ್ಧವಾಗಿದೆ ಎಂದು ಬರೆದದ್ದು ನಿನ್ನ ತಾಯಿ ನೀಲಾಳ ಎದೆಯನ್ನಲ್ಲ. ನನ್ನ ಎದೆಯನ್ನು. ಪರದೆಯ ಆ ಕಡೆ ಕೂತು ಅವರು ಕಿವಿಗೊಟ್ಟು ಕೇಳುತ್ತಿದ್ದಾಗ, ಈ ಕಡೆ ನಾನು ಸ್ಟೆತೊಸ್ಕೋಪಿನ ಕೊಳವೆಯ ತುದಿಯನ್ನು ನನ್ನ ಎದೆಗೇ ಒತ್ತಿ ಹಿಡಿದಿದ್ದೆ. ಒಂದು ಸಲವಲ್ಲ, ನಾಲ್ಕು ಸಲ. ಮೊದಲ ಮೂರು ಸಲ ನೀಲಾ ಬೇಡಿಕೊಂಡಿದ್ದಳು. ನಾಲ್ಕನೆಯ ಸಲ — ಅದನ್ನು ಹೇಳುವುದಕ್ಕೇ ಈ ಕಾಗದ. ಆದರೆ ಅಲ್ಲಿಗೆ ಬರಲು ನನಗೆ ಇನ್ನೂ ಸ್ವಲ್ಪ ಹೊತ್ತು ಬೇಕು.

ನೀನು ನನ್ನನ್ನು ಚಿಗವ್ವ ಎಂದು ಕರೆಯುತ್ತೀ. ರಕ್ತಸಂಬಂಧ ಏನೂ ಇಲ್ಲ. ಕುಕನೂರಿನಲ್ಲಿ ನಮ್ಮ ಮನೆ, ನೀಲಾಳ ಮನೆ ಎದುರುಬದುರು. ಅವರ ಮನೆಯಲ್ಲಿ ಹೋಳಿಗೆ ಮಾಡಿದರೆ ಮೊದಲು ನನಗೆ ವಾಸನೆ ಬರುತ್ತಿತ್ತು, ನನಗೆ ಬೈಗುಳ ಬಿದ್ದರೆ ಮೊದಲು ಅವಳಿಗೆ ಕೇಳುತ್ತಿತ್ತು. ಒಂಬತ್ತೋ ಹತ್ತೋ ವಯಸ್ಸಿನಲ್ಲಿ ಅವಳಿಗೆ ಕೀಲುಗಳೆಲ್ಲ ಬಾತು ಜ್ವರ ಬಂತು. ಎರಡು ತಿಂಗಳು ಮಲಗಿದಳು. ಕುಂಟೆಬಿಲ್ಲೆ ಆಡಲು ಬರಲಿಲ್ಲವೆಂದು ನಾನು ಅವಳ ಮೇಲೆ ಮುನಿಸಿಕೊಂಡಿದ್ದೆ. ಎದ್ದ ಮೇಲೆ ಮೊದಲಿನಂತೆಯೇ ನಗುತ್ತಿದ್ದಳು. ಓಡುವಾಗ ಮಾತ್ರ ಹಿಂದೆ ಬೀಳುತ್ತಿದ್ದಳು. ನಾನು ಗೆದ್ದೆನೆಂದು ಬೀಗುತ್ತಿದ್ದೆ. ಆ ಜ್ವರ ಕೀಲು ಬಿಟ್ಟು ಎದೆಗೆ ಹೋಗಿ ಕೂತಿದೆಯೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅವಳು ಮದುವೆಯಾಗಿ ಕೊಪ್ಪಳದ ಬಟ್ಟೆ ವ್ಯಾಪಾರಿಗಳ ಮನೆ ಸೇರಿದಳು. ನನಗೂ ಮದುವೆಯಾಯಿತು, ಎರಡು ವರ್ಷಕ್ಕೆ ಗಂಡ ತೀರಿಕೊಂಡ. ನಮ್ಮಪ್ಪ ಊರಿನವರ ಮಾತಿಗೆ ಸೊಪ್ಪು ಹಾಕದೆ ನನ್ನನ್ನು ನರ್ಸಿನ ಕೆಲಸ ಕಲಿಯಲು ಕಳಿಸಿದ. ಕಲಿತು ಬಂದು ಕೊಪ್ಪಳದ ಒಂದು ದವಾಖಾನೆಗೆ ಸೇರಿದೆ. ನಿಜಾಮರ ಆಳಿಕೆ, ದೂರದಲ್ಲೆಲ್ಲೋ ದೊಡ್ಡ ಯುದ್ಧ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಔಷಧಿ ಸೀಸೆಗಳನ್ನು ತೊಳೆದು ತೊಳೆದು ಬಳಸುತ್ತಿದ್ದೆವು. ಆದರೂ ಆ ದಿನಗಳನ್ನು ನೆನೆದರೆ ನನ್ನ ಮುಖ ಈಗಲೂ ಅರಳುತ್ತದೆ — ಏನು ಮಾಡಲಿ. ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆದಾಗ ಏಳುವ ಮಣ್ಣಿನ ವಾಸನೆ, ಅದರೊಳಗೆ ಬೆರೆತ ಸ್ಪಿರಿಟ್ಟಿನ ವಾಸನೆ, ಬೇವಿನ ಮರದ ಕೆಳಗೆ ಎತ್ತು ಬಿಚ್ಚಿ ನಿಲ್ಲಿಸಿದ ಗಾಡಿಗಳು. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಜನ ರೊಟ್ಟಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ನನಗೂ ಒಂದು ರೊಟ್ಟಿ ಎತ್ತಿಡುತ್ತಿದ್ದರು. ನನ್ನ ಬಾಳಿನಲ್ಲಿ ನಾನು ಬೇಕಾದವಳು ಅನ್ನಿಸಿಕೊಂಡದ್ದು ಅಲ್ಲೇ.

ಅವರೆಲ್ಲ ಬರುತ್ತಿದ್ದುದು ನಮ್ಮ ಡಾಕ್ಟರ ಒಂದು ಹುಚ್ಚಿನಿಂದಾಗಿ. ಚಿಕ್ಕಂದಿನಲ್ಲಿ ಕೀಲುಜ್ವರ ಬಂದವರಿಗೆ ಹರೆಯದಲ್ಲಿ ಯಾಕೆ ಉಸಿರು ಕಟ್ಟುತ್ತದೆ, ಅವರ ಎದೆಯೊಳಗೆ ಕೇಳುವ ಸುಯ್ ಎಂಬ ಸದ್ದು ಔಷಧಿ, ವಿಶ್ರಾಂತಿ ಕೊಟ್ಟರೆ ಕಡಿಮೆಯಾಗುತ್ತದೆಯೋ ಹೆಚ್ಚುತ್ತದೆಯೋ — ಇದನ್ನು ವರ್ಷಗಟ್ಟಲೆ ನೋಡಿ ಬರೆಯಬೇಕೆಂದು ಹಟ ಹಿಡಿದಿದ್ದರು. ಒಬ್ಬೊಬ್ಬರಿಗೆ ದಪ್ಪ ರಜಿಸ್ಟರಿನಲ್ಲಿ ಒಂದೊಂದು ಪುಟ. ಎರಡು ತಿಂಗಳಿಗೊಮ್ಮೆ ಬಂದು ಎದೆ ಕೇಳಿಸಬೇಕು. ಬಾರದವರನ್ನು ಹುಡುಕಿಕೊಂಡು ಅವರೇ ಗಾಡಿ ಕಟ್ಟಿಸಿ ಹೋಗುತ್ತಿದ್ದರು. ಜನಕ್ಕೆ ತಿಳಿಯಲೆಂದು ಕಟ್ಟಿಗೆ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರನೊಬ್ಬನ ಕೈಯಲ್ಲಿ ಕಟ್ಟಿಗೆಯ ಗುಂಡಿಗೆಯೊಂದನ್ನು ಮಾಡಿಸಿದ್ದರು. ಎರಡು ಹೋಳಾಗಿ ಬಿಚ್ಚುತ್ತಿತ್ತು. ಒಳಗೆ ನಾಲ್ಕು ಕೋಣೆ, ನಡುವೆ ಸಣ್ಣ ಬಾಗಿಲುಗಳು. ಚಿತ್ರಗಾರ ಸುಮ್ಮನಿರಲಾರದೆ ಅಂಚಿಗೆ ಬಳ್ಳಿ, ಹೂವು ಬರೆದುಬಿಟ್ಟಿದ್ದ. ಡಾಕ್ಟರು ಅದನ್ನು ನೋಡಿ ನಕ್ಕದ್ದೇ ನಕ್ಕದ್ದು. ನಮ್ಮ ಮನೆಯ ಗೂಡಿನಲ್ಲಿ ಇರುವುದು ಅದೇ, ಗಿರಿಜಾ. ನೀನು ಚಿಕ್ಕವಳಿದ್ದಾಗ ಮಾವಿನಹಣ್ಣೆಂದು ಕಚ್ಚಿದ್ದೀ. ನಿನ್ನ ಹಲ್ಲಿನ ಗುರುತು ಇನ್ನೂ ಇದೆ.

ಇನ್ನು ಪರದೆಯ ಮಾತು. ಆಗ ದೊಡ್ಡ ಮನೆತನದ ಸೊಸೆಯಂದಿರು ಪರಗಂಡಸಿನ ಮುಂದೆ ಸೆರಗು ಸರಿಸುವುದು ಹೋಗಲಿ, ಕೈ ಕೂಡ ಮುಟ್ಟಗೊಡುತ್ತಿರಲಿಲ್ಲ. ಡಾಕ್ಟರು ಅದಕ್ಕೊಂದು ದಾರಿ ಮಾಡಿದ್ದರು. ಕೋಣೆಯ ನಡುವೆ ಒಂದು ದುಪ್ಪಟಿ ಇಳಿಬಿಟ್ಟು, ಸ್ಟೆತೊಸ್ಕೋಪಿಗೆ ಉದ್ದನೆಯ ರಬ್ಬರ್ ಕೊಳವೆ ಜೋಡಿಸಿದ್ದರು. ಒಳಗೆ ರೋಗಿ ಮತ್ತು ನಾನು. ಹೊರಗೆ ಡಾಕ್ಟರು, ಅವರ ಪಕ್ಕದಲ್ಲಿ ರೋಗಿಯ ಅತ್ತೆ. ಎಡಕ್ಕೆ, ಕೆಳಗೆ, ಇನ್ನೂ ಸ್ವಲ್ಪ ಈಚೆಗೆ ಎಂದು ಅವರು ಹೇಳಿದಂತೆ ನಾನು ಕೊಳವೆಯ ತುದಿ ಇಡಬೇಕು. ನಾಡಿ ಎಣಿಸಿ ಕೂಗಿ ಹೇಳುವುದೂ ನಾನೇ. ಆ ರಜಿಸ್ಟರು ಪೂರ್ತಿ ನಿಂತಿದ್ದು ನನ್ನ ಕೈಯ ಮೇಲೆ. ಶರಣಮ್ಮನ ಕೈ ಅಂದರೆ ನನ್ನ ಕೈ ಇದ್ದಂತೆ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ನೀಲಾಳನ್ನು ಕರೆತಂದದ್ದು ನಾನೇ. ಮೊದಲ ಸಲ ಅವಳ ಎದೆಯನ್ನೇ ಕೇಳಿಸಿದೆ. ಡಾಕ್ಟರು ಬಹಳ ಹೊತ್ತು ಕೇಳಿ, ಕಟ್ಟಿಗೆಯ ಗುಂಡಿಗೆಯನ್ನು ಬಿಚ್ಚಿ ಅವಳ ಅತ್ತೆಗೆ ತೋರಿಸಿದರು. "ಈ ಬಾಗಿಲಾ ಬಿಗಿದೈತ್ರಿ. ರಕ್ತ ಸಲೀಸು ಹಾಯಾಂಗಿಲ್ಲ. ಬಸುರಿ ಆಗೂದು ಸದ್ಯಕ್ಕ ಬ್ಯಾಡ. ಹಂಗೂ ಬಸುರಿ ಆದ್ರ, ಏಳನೇ ತಿಂಗಳಿಗೆ ದೊಡ್ಡ ದವಾಖಾನಿಗೆ ಒಯ್ದು ಹಾಸಿಗಿ ಮ್ಯಾಲ ಇಡಬೇಕ್ರಿ."

ಅತ್ತೆ ಎಂಟು ದಿನದಲ್ಲಿ ಸಿದ್ದಾಪುರದ ಕಡೆಯಿಂದ, ಮಗನ ಎರಡನೆಯ ಮದುವೆಗೆಂದು, ಒಂದು ಹೆಣ್ಣಿನ ಜಾತಕ ತರಿಸಿದಳು.

ಎರಡು ತಿಂಗಳ ಮೇಲೆ ಪರದೆಯ ಒಳಗೆ ನೀಲಾ ನನ್ನ ಕೈ ಹಿಡಿದುಕೊಂಡಳು. ಕಿವಿಯಲ್ಲಿ ಅಂದಳು: "ಶರಣಿ, ನಿನ್ನ ಎದಿಗೆ ಇಟ್ಕೊ. ನಂದು ಕೇಳಿದ್ರ ನನ್ನ ಬಾಳೇವು ಹೋಗತೈತಿ."

ನಾನು ಯೋಚಿಸಲಿಲ್ಲ. ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕುಂಟೆಬಿಲ್ಲೆಯಲ್ಲಿ ಅವಳು ಗೆರೆ ತುಳಿದದ್ದನ್ನು ಮುಚ್ಚಿದ ಹಾಗೆ, ಅಷ್ಟೇ ಹಗುರವಾಗಿ, ಕೊಳವೆಯನ್ನು ನನ್ನ ಕುಪ್ಪಸದೊಳಗೆ ಇಟ್ಟುಕೊಂಡೆ. ಹೊರಗೆ ಡಾಕ್ಟರ ದನಿ ಬದಲಾಯಿತು. "ಸದ್ದು ಕೇಳವಲ್ದು. ಶರಣಮ್ಮ, ಎಡಕ್ಕ ಸರಸು ನೋಡೋಣು." ಸರಿಸಿದೆ. "ಇಲ್ಲ. ಹೋಗೇ ಬಿಟ್ಟೈತಿ." ಅಂದು ಅವರು ದವಾಖಾನೆಗೆಲ್ಲ ಚಹಾ ತರಿಸಿದರು. ತಮ್ಮ ಔಷಧಿ ಹತ್ತಿತು ಎಂದುಕೊಂಡರು, ಪಾಪ. ನೀಲಾ ಮತ್ತು ನಾನು ದುಪ್ಪಟಿಯನ್ನು ಬಾಯಿಗೆ ಒತ್ತಿಕೊಂಡು ನಕ್ಕೆವು. ಅವಳು ಅಷ್ಟು ನಕ್ಕದ್ದನ್ನು ನಾನು ಆಮೇಲೆ ಕಾಣಲಿಲ್ಲ.

ಇನ್ನೂ ಎರಡು ಸಲ ಹಾಗೆಯೇ ನಡೆಯಿತು. ಜಾತಕ ವಾಪಸು ಹೋಯಿತು. ನೀಲಾ ಬಸುರಿಯಾದಳು; ನೀನು ಹೊಟ್ಟೆಯಲ್ಲಿ ಬಂದೆ. ಡಾಕ್ಟರು ಅವಳ ಪುಟವನ್ನು ಚೆಂದದ ಅಕ್ಷರದಲ್ಲಿ ನಕಲು ಮಾಡಿ ಹೈದರಾಬಾದಿನ ದೊಡ್ಡ ಡಾಕ್ಟರುಗಳಿಗೆ ಕಳಿಸಿದರು. ದೊಡ್ಡ ದವಾಖಾನೆಗೆ ಒಯ್ಯುವ ಮಾತನ್ನು ಕೈಬಿಟ್ಟರು. ಅದೇ ಧೈರ್ಯದಲ್ಲಿ ಕುಷ್ಟಗಿಯ ಒಬ್ಬಳಿಗೆ, ಯಲಬುರ್ಗಾದ ಒಬ್ಬಳಿಗೆ ಮಕ್ಕಳಾಗಲಿ, ಹೆದರಬೇಡಿ ಎಂದರು. ಅವರಿಬ್ಬರು ಏನಾದರೋ ನನಗೆ ತಿಳಿಯದು. ಕೇಳುವ ಧೈರ್ಯ ಬರಲಿಲ್ಲ.

ಎಂಟನೆಯ ತಿಂಗಳಲ್ಲಿ ನೀಲಾ ಬಂದಾಗ ಕಾಲು ಬಾತು ಕಾಲುಂಗುರ ಮಾಂಸದಲ್ಲಿ ಮುಳುಗಿತ್ತು. ಮೂರು ಮೆಟ್ಟಿಲು ಹತ್ತಲು ಎರಡು ಸಲ ಕೂತಳು. ಮಲಗಿದರೆ ಉಸಿರು ಸಿಗುವುದಿಲ್ಲ, ಗೋಡೆಗೆ ಆತು ಕೂತೇ ನಿದ್ದೆ ಮಾಡುತ್ತೇನೆ ಎಂದಳು. ಇದು ಏನೆಂದು ನನಗೆ ಗೊತ್ತಿತ್ತು, ಗಿರಿಜಾ. ರಜಿಸ್ಟರಿನ ಎಷ್ಟೋ ಪುಟಗಳಲ್ಲಿ ಇದನ್ನೇ ಕಣ್ಣಾರೆ ಕಂಡಿದ್ದೆ.

ಪರದೆಯ ಒಳಗೆ ಹೋದೆವು. ನಾನು ಕೊಳವೆ ಎತ್ತಿಕೊಂಡೆ. ನೀಲಾ ಅದರ ತುದಿ ಹಿಡಿದು ತನ್ನ ಕಡೆ ಎಳೆದುಕೊಂಡಳು.

"ಈ ಸಲ ನಂದು ಕೇಳಸು, ಶರಣಿ."

ಇಷ್ಟೇ ಅಂದದ್ದು. ಅತ್ತೆಯ ಭಯ, ಜಾತಕದ ಭಯ ಎಲ್ಲ ಬಿಟ್ಟು ಅಂದಿದ್ದಳು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಬಿಡಿಸಿ, ಕೊಳವೆಯನ್ನು ಮತ್ತೆ ನನ್ನ ಎದೆಗೆ ಇಟ್ಟುಕೊಂಡೆ.

ಯಾಕೆ? ಡಾಕ್ಟರಿಗೆ ಸುಳ್ಳು ತಿಳಿಯುತ್ತದೆ, ನನ್ನ ಕೈಯ ಮೇಲಿನ ಅವರ ನಂಬಿಕೆ ಹೋಗುತ್ತದೆ, ಕೆಲಸ ಹೋಗುತ್ತದೆ, ಬೋಳು ಕೈಯಲ್ಲಿ ಮತ್ತೆ ಕುಕನೂರಿನ ಒಲೆಯ ಮುಂದೆ — ಇದೆಲ್ಲ ಒಂದೇ ಗಳಿಗೆಯಲ್ಲಿ ಕಣ್ಣ ಮುಂದೆ ಬಂತು. ಮೊದಲ ಮೂರು ಸಲ ಅವಳಿಗಾಗಿ ಮಾಡಿದೆ. ನಾಲ್ಕನೆಯ ಸಲ ನನಗಾಗಿ.

ಹೊರಗಿನಿಂದ ಡಾಕ್ಟರು ಅಂದರು: "ಎದಿ ಭಾಳ ಜೋರ ಬಡಕೊಳ್ಳಾಕತ್ತೈತಿ. ಹೆದರ್ಯಾರೇನು?"

"ಹೌದ್ರಿ. ಚೊಚ್ಚಲ ಅಲ್ರಿ, ಹೆದರ್ಯಾರ," ಎಂದೆ.

ಅವರು ಬರೆದುಕೊಂಡರು: ಹೆದರಿಕೆಯಿಂದ ವೇಗ, ಸದ್ದು ಶುದ್ಧ, ರಕ್ತ ಕಡಿಮೆ. ಕಾಲು ಬಾತದ್ದಕ್ಕೂ ಉಬ್ಬಸಕ್ಕೂ ರಕ್ತ ಕಡಿಮೆಯಾದದ್ದೇ ಕಾರಣ ಎಂದು ಕಬ್ಬಿಣದ ಟಾನಿಕ್ ಕೊಟ್ಟರು. ನೀಲಾಳ ಪುಟದಲ್ಲಿ ಆ ದಿನ ಬರೆದಿರುವುದು ನನ್ನ ಹೆದರಿಕೆ. ಅವಳು ನನ್ನನ್ನು ನೋಡುತ್ತ ಕೂತಿದ್ದಳು. ಕೂಗಿ ಹೇಳಬಹುದಿತ್ತು, ಹೇಳಲಿಲ್ಲ. ಕೂಗುವಷ್ಟು ಉಸಿರಿರಲಿಲ್ಲವೋ, ನನ್ನನ್ನು ಉಳಿಸಿದಳೋ — ನಲವತ್ತು ವರ್ಷದಿಂದ ಯೋಚಿಸುತ್ತಿದ್ದೇನೆ. ಸೆರಗು ಸರಿಮಾಡಿಕೊಂಡು ಎದ್ದು ಹೋದಳು.

ನೀನು ಹುಟ್ಟಿದ್ದು ಒಂದು ಬೆಳಿಗ್ಗೆ, ಕೊಪ್ಪಳದ ಮನೆಯಲ್ಲೇ. ಸೂಲಗಿತ್ತಿ ಹುಲಿಗೆವ್ವ ನಿನ್ನನ್ನು ಚೆಂದವಾಗಿ ಹೊರಗೆ ತಂದಳು. ಅವಳ ಕೈ ಹಗುರ ಎಂದು ಊರೆಲ್ಲ ಹೇಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಿಮ್ಮವ್ವನಿಗೆ ಉಸಿರು ಕಟ್ಟಿತು, ಬಾಯಲ್ಲಿ ನೊರೆ ಬಂತು. ನಾನು ಓಡಿ ಬರುವಷ್ಟರಲ್ಲಿ ಮುಗಿದಿತ್ತು. "ಡಾಕ್ಟರ್ ಎದಿ ಶುದ್ಧ ಐತಿ ಅಂದಿದ್ರು. ಇಕಿನ ಕೈಯಾಗ ಸತ್ತಾಳ," ಎಂದು ನೀಲಾಳ ಅತ್ತೆ, ನಿಮ್ಮಜ್ಜಿ, ಹುಲಿಗೆವ್ವನ ಕಡೆ ಬೆರಳು ಮಾಡಿದಳು. ಓಣಿ ಓಣಿಗೆ ಮಾತು ಹರಡಿತು. ಮತ್ತೆ ಯಾವ ಮನೆಯವರೂ ಅವಳನ್ನು ಹೆರಿಗೆಗೆ ಕರೆಯಲಿಲ್ಲ.

ಡಾಕ್ಟರು ಒಮ್ಮೆ ರಜಿಸ್ಟರು ತೆರೆದಿಟ್ಟು ಕೇಳಿದರು: "ಶರಣಮ್ಮ, ನಾವು ಏನರ ಬಿಟ್ಟೀವೇನು?" ಇಲ್ಲರಿ ಎಂದೆ. ಆ ಪುಟವನ್ನು ಅವರು ಮಡಚಿಡಲಿಲ್ಲ, ಹರಿಯಲೂ ಇಲ್ಲ, ದಿನಾ ನೋಡುತ್ತಿದ್ದರು. ವರ್ಗವಾಗಿ ಹೋಗುವಾಗ ಕಟ್ಟಿಗೆಯ ಗುಂಡಿಗೆಯನ್ನು ನನ್ನ ಕೈಯಲ್ಲಿಟ್ಟು ಹೋದರು. ಅವರು ತೀರಿಕೊಂಡ ಸುದ್ದಿ ಬಹಳ ತಡವಾಗಿ ತಿಳಿಯಿತು.

ಹುಲಿಗೆವ್ವನೂ ಬಂದಿದ್ದಳು. ದವಾಖಾನೆಯ ಮೆಟ್ಟಿಲ ಮೇಲೆ ಕೂತು, ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತ ಕೇಳಿದಳು: "ಯವ್ವಾ, ನೀ ಕಲತಾಕಿ. ನಾ ಏನ್ ತಪ್ಪ ಮಾಡೀನಿ, ಹೇಳಬೇ. ಗೊತ್ತಾದ್ರ ಇನ್ನೊಮ್ಮೆ ಮಾಡಂಗಿಲ್ಲ."

"ನನಗ ಗೊತ್ತಿಲ್ಲಬೇ," ಎಂದು ಒಳಗೆ ಹೋದೆ. ಸೀಸೆ ತೊಳೆಯುವ ಕೆಲಸವಿತ್ತು.

ಇಷ್ಟು ವರ್ಷ ಮುಚ್ಚಿಟ್ಟವಳು ಈಗೇಕೆ ಹೇಳುತ್ತಿದ್ದೇನೆ ಎಂದು ಕೇಳುತ್ತೀ. ಹೋದ ತಿಂಗಳು ನಿನ್ನ ಮಗಳ ಹೆರಿಗೆಗೆ ಆಸ್ಪತ್ರೆಯಲ್ಲಿದ್ದೆವಲ್ಲ. ರೇಣುಕಾ ಎಂಬ ನರ್ಸು ಬಂದಳು. ಹುಲಿಗೆವ್ವನ ಮೊಮ್ಮಗಳು ಎಂದು ಯಾರೋ ಹೇಳಿದರು. ನೀನು ಎದ್ದು ನಿಂತು ಅಂದೆ: "ಆ ಮನಿತನದ ಕೈ ನಮಗ ಬ್ಯಾಡ. ನಮ್ಮವ್ವನ್ನ ಕೊಂದ ಕೈ ಅದು." ಆ ಹುಡುಗಿ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟು, ತನ್ನ ಅಂಗೈ ನೋಡಿಕೊಂಡು ಹೊರಗೆ ಹೋದಳು. ನಾನು ಮೂಲೆಯಲ್ಲಿ ಕೂತು ನಿನ್ನ ಮೊಮ್ಮಗನಿಗೆ ಕುಲಾವಿ ಹೊಲಿಯುತ್ತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಕೊಳವೆಯಿಂದ ನಾಲ್ಕು ಸಲ, ಡಾಕ್ಟರಿಗೆ ಒಮ್ಮೆ, ಹುಲಿಗೆವ್ವನಿಗೆ ಒಮ್ಮೆ; ಏಳನೆಯ ಸಲ ಅದು.

ನಿನ್ನನ್ನು ಎತ್ತಿ ಆಡಿಸಿದೆ, ಜಡೆ ಹಾಕಿದೆ, ಸಾಲೆಗೆ ಕರೆದೊಯ್ದೆ. ಅದನ್ನು ಈ ತಪ್ಪಿಗೆ ಬದಲಾಗಿ ಇಡುತ್ತಿಲ್ಲ. ಅದು ನನ್ನ ಸುಖ. ನಿನ್ನ ತಾಯಿಯಿಂದ ಕಸಿದದ್ದು. ನೀನು ಇನ್ನು ಚಿಗವ್ವ ಎಂದು ಕರೆಯದಿದ್ದರೆ ಅದು ನ್ಯಾಯವೇ.

ಈ ಕಾಗದದ ಜೊತೆ ಕಟ್ಟಿಗೆಯ ಗುಂಡಿಗೆಯನ್ನೂ ಕಳಿಸಿದ್ದೇನೆ. ಬಿಚ್ಚಿ ನೋಡು, ಎಡಗಡೆಯ ಬಾಗಿಲನ್ನು ತೋರಿಸಿಯೇ ಡಾಕ್ಟರು ನಿಮ್ಮಜ್ಜಿಗೆ ಹೇಳಿದ್ದು. ಇದು ನಿನ್ನ ಕೈ ಸೇರುವ ಹೊತ್ತಿಗೆ ನಾನು ರೇಣುಕಾಳ ಮನೆಯ ಬಾಗಿಲಲ್ಲಿ ನಿಂತಿರುತ್ತೇನೆ. ಅವಳು ಒಳಗೆ ಕರೆಯುತ್ತಾಳೋ ಇಲ್ಲವೋ. ಕರೆಯದಿದ್ದರೆ ಮೆಟ್ಟಿಲ ಮೇಲೆ ಕೂತೇ ಹೇಳುತ್ತೇನೆ. ಅವಳ ಅಜ್ಜಿ ಕೇಳಿದ್ದಕ್ಕೆ ನನಗೆ ಅಂದೇ ಉತ್ತರ ಗೊತ್ತಿತ್ತು — ನೀ ಏನೂ ತಪ್ಪು ಮಾಡಿಲ್ಲಬೇ, ತಪ್ಪು ಮಾಡಿದಾಕಿ ನಾನು.