ನಾಲ್ಕು ಚಕ್ರಕ್ಕೆ ಒಬ್ಬರೇ

ಗೆಳೆಯರೇ, ಇವತ್ತು ಆಫೀಸಿಗೆ ರಜೆ ಹಾಕಿ, ಮಂಡ್ಯದಿಂದ ವಿಮಾನ ಹತ್ತಿ ಈ ಪರದೇಶಕ್ಕೆ ಬಂದಿರುವ ಮಾವನವರ ಜೊತೆ ಸಮುದ್ರದಂಡೆಗೆ ಹೋಗಿದ್ದೆವು. ಮರಳಿನಲ್ಲಿ ಓಡಿಸಲು ನಾಲ್ಕು ಚಕ್ರದ ಬೈಕೊಂದನ್ನು ಬಾಡಿಗೆಗೆ ತೆಗೆದುಕೊಂಡೆವು. ನನ್ನ ಗಂಡ ಹೆಲ್ಮೆಟ್ಟು ತರುವಷ್ಟರಲ್ಲಿ ಮಾವ ಹತ್ತಿ ಕೂತು, ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು, "ಹಿಂದೆ ಹತ್ತಮ್ಮ, ಅವನಿಗೂ ಒಸಿ ಜಾಗ ಬುಡು" ಅಂದರು. ನಾನೂ ಹತ್ತಿಬಿಟ್ಟೆ!

ಬೈಕು ಬಾಡಿಗೆಗೆ ಕೊಟ್ಟ ಅಂಗಡಿಯವನು ಕೂಗುತ್ತಾ ಓಡಿಬಂದು ಎಲ್ಲರನ್ನೂ ಇಳಿಸಿದ. ಒಂದು ಬೈಕಿಗೆ ಒಬ್ಬರೇ ಅಂತೆ.

"ನಾಲ್ಕು ಚಕ್ರಕ್ಕೆ ಒಬ್ಬನೇಯಾ? ನನ್ನ ಸ್ಕೂಟರ್‌ಗೆ ಎರಡೇ ಚಕ್ರ, ಮನೆಮಂದಿಯೆಲ್ಲಾ ಹೋಯ್ತಿದ್ವಿ!" ಮಾವ ಮುಖ ಊದಿಸಿಕೊಂಡರು.

ನಾವಿರುವ ಊರು ಮಿಲ್ಪಿಟಾಸ್‌ಗೆ ಮರಳುವಾಗ ಡಾಟ್‌ಕಾಮ್ ಆಫೀಸುಗಳು ಬಿಟ್ಟ ಹೊತ್ತು. ಫ್ರೀವೇ ತುಂಬಾ ಕಾರುಗಳು ನಿಂತಿದ್ದವು, ನಾವು ಮಾತ್ರ ಕಾರ್‌ಪೂಲ್ ಲೇನಿನಲ್ಲಿ ಭರ್ರನೆ ಸಾಗಿದೆವು. ಕಾರಿನಲ್ಲಿ ಜನ ಜಾಸ್ತಿ ಇದ್ದರೆ ಇಲ್ಲಿ ಬೇರೆ ದಾರಿ ಬಿಡುತ್ತಾರೆ ಎಂದು ಮಾವನಿಗೆ ಹೇಳಿದೆ.

ಪಕ್ಕದ ಕಾರುಗಳಲ್ಲಿ ಒಬ್ಬೊಬ್ಬರೇ ಕೂತವರನ್ನು ಅವರು ಕನಿಕರದಿಂದ ನೋಡಿದರು. "ಪಾಪ, ಇವರೆಲ್ಲಾ ಆ ಅಂಗಡಿಯವನ ಮಾತು ಕೇಳ್ದೋರು ಕಣಮ್ಮ."