ಚನಮಲ್ಲಪ್ಪ ಮಾಸ್ತರರ ತಿದ್ದುಪಡಿ

ಚನಮಲ್ಲಪ್ಪ ಮಾಸ್ತರರ ಹೊಡೆತ ತಿಂದವರು ಜಮಖಂಡಿ ತಾಲೂಕಿನ ಊರೂರಲ್ಲೂ ಸಿಗುತ್ತಾರೆ. ಸಾವಳಗಿಯ ಸಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದ ಅವರ ಮೇಜಿನ ಮೇಲೆ ಕರಿಯ ಕಟ್ಟಿಗೆಯ ದುಂಡನೆಯ ರೂಲು ಯಾವಾಗಲೂ ಇರುತ್ತಿತ್ತು. ಹೊಡೆಸಿಕೊಂಡವನೇ ಏಟುಗಳನ್ನು ಗಟ್ಟಿಯಾಗಿ ಎಣಿಸಬೇಕು. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ. ಕಾಪಿ ಹೊಡೆದವರನ್ನು ಕಂಡರಂತೂ ಅವರ ಮೈಯೆಲ್ಲ ಉರಿಯುತ್ತಿತ್ತು. ಇದನ್ನು ಅವರು ಶಿಸ್ತು ಎನ್ನುತ್ತಿದ್ದರು. ಊರವರೂ ಅದನ್ನೇ ಅಂದರು, ಬಾತ ಬೆರಳುಗಳನ್ನು ಯಾರೂ ಕೇಳಲಿಲ್ಲ.

ನಿವೃತ್ತರಾದ ಮೇಲೆ ಜಮಖಂಡಿಯ ಮನೆಯಿಂದಲೇ ಭಾಷಾ ಸಂಶೋಧನೆಯ ಒಂದು ಅರ್ಧವಾರ್ಷಿಕ ಪತ್ರಿಕೆ ನಡೆಸತೊಡಗಿದರು. ಬಂದ ಲೇಖನವನ್ನು ಆವಕ ಪುಸ್ತಕದಲ್ಲಿ ತಾರೀಖು ಸಮೇತ ಬರೆದು, ಲೇಖಕರ ಹೆಸರು ತೆಗೆದು, ಬಲ್ಲವರೊಬ್ಬರಿಗೆ ಪರಿಶೀಲನೆಗೆ ಕಳಿಸುವುದು ಅವರ ಪದ್ಧತಿ. ರೂಲು ಇಲ್ಲಿಯೂ ಮೇಜಿನ ಮೇಲೇ ಇತ್ತು, ಕಾಗದ ಹಾರದಂತೆ.

ಬನಹಟ್ಟಿಯ ನೇಕಾರರ ಮನೆಯ ದಾನಮ್ಮ, ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ಮಗ್ಗದ ಮಾತುಗಳ ಮೇಲೆ ಲೇಖನ ಬರೆದು ಕಳಿಸಿದಳು. ಮಾಸ್ತರರು ಅದನ್ನು ಪ್ರೊಫೆಸರ್ ಪರಮಾನಂದನಿಗೆ ಕಳಿಸಿದರು. ಅವನು ಅವರದೇ ಹಳೆಯ ವಿದ್ಯಾರ್ಥಿ. ಏಳನೆಯ ತರಗತಿಯಲ್ಲಿ ಪ್ರಬಂಧ ಕಾಪಿ ಹೊಡೆದು ಅವರಿಂದ ಒಂಬತ್ತು ಏಟು ತಿಂದವನು. ಆ ಏಟುಗಳಿಂದಲೇ ಹುಡುಗ ದಾರಿಗೆ ಬಂದ ಎಂದು ಮಾಸ್ತರರು ಸಭೆಗಳಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದರು. ಪ್ರಕಟಣೆಗೆ ಯೋಗ್ಯವಲ್ಲ ಎಂದು ಅವನಿಂದ ಒಂದೇ ಸಾಲು ಬಂತು. ಎಂಟು ತಿಂಗಳಿಗೆ ಅದೇ ಲೇಖನ ಬೇರೊಂದು ಪತ್ರಿಕೆಯಲ್ಲಿ ಅವನ ಹೆಸರಿನಲ್ಲಿ ಅಚ್ಚಾಯಿತು.

ಮುಖ ತೋರಿಸಲು ನಾಚಿಕೆಯಾದರೂ ಮಾಸ್ತರರು ಬನಹಟ್ಟಿಯ ಬಸ್ಸು ಹತ್ತಿದರು. ದಾನಮ್ಮನ ಅಜ್ಜಿ ಗುರುಬಾಯಿ ರಾಟೆಯ ಮುಂದೆ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಎಳೆ ಪಟ್ಟನೆ ಹರಿಯಿತು. "ಸೋಮವ್ವ ಬಂದ್ಲು," ಎನ್ನುತ್ತ ಮುದುಕಿ ಗಂಟು ಹಾಕಿದಳು. ಹರಿದ ಎಳೆಗೆ ನೇಕಾರರು ಸೋಮವ್ವ ಎನ್ನುತ್ತಾರೆಂದು ದಾನಮ್ಮ ಬರೆದಿದ್ದಳು. ಪರಮಾನಂದನೂ ಬರೆದಿದ್ದ. ರಬಕವಿ-ಬನಹಟ್ಟಿಯ ನಲವತ್ತು ಮಗ್ಗಗಳ ಮುಂದೆ ಕುಳಿತು ತಾನೇ ಕೇಳಿದ ಮಾತು ಎಂದು ಟಿಪ್ಪಣಿ ಬೇರೆ ಕೊಟ್ಟಿದ್ದ. ಈ ಮಾತು ಎಲ್ಲಿಂದ ಬಂತೆಂದು ಮಾಸ್ತರರು ಮುದುಕಿಯನ್ನು ಕೇಳಿದರು.

"ಸೋಮವ್ವ ಅಂದ್ರ ನನ್ನ ನೆಗೆಣ್ಣಿರಿ, ಮೈದುನನ ಹೇಣ್ತಿ. ಆಕಿ ಒಳಗ ಬಂದ್ಲಂದ್ರ ಜಗಳಾ, ಮನ್ಯಾಗ ಏನರ ಒಂದು ಮುರೀತಿತ್ತು. ಎಳಿ ಹರದಾಗ ನಾ ಚ್ಯಾಷ್ಟಿಗೆ ಹಂಗ ಅಂತಿದ್ನಿ. ನಮ್ಮ ಮನಿ ಬಿಟ್ರ ಯಾರೂ ಅನ್ನಂಗಿಲ್ಲ."

ಪಕ್ಕದಲ್ಲಿದ್ದ ದಾನಮ್ಮ ತನ್ನ ಲೇಖನ ತೆಗೆದು ನೋಡಿದಳು. ಹುಟ್ಟಿದಾಗಿನಿಂದ ಕೇಳಿದ ಮಾತನ್ನು ಅವಳು ಎಲ್ಲ ಮಗ್ಗಗಳ ಮಾತೆಂದೇ ನಂಬಿದ್ದಳು. ಕಳ್ಳನನ್ನು ಹಿಡಿಯಲು ಇದೊಂದೇ ಸಾಕು, ಆದರೆ ಇದನ್ನು ಅಚ್ಚು ಹಾಕಿದರೆ ನಿನ್ನ ತಪ್ಪೂ ಹೊರಗೆ ಬೀಳುತ್ತದೆ ಎಂದರು ಮಾಸ್ತರರು.

"ತಪ್ಪು ನಂದ ಐತಿ ಅಂತ ಹಾಕ್ರಿ ಸರ್. ಲೇಖನಾನೂ ನಂದ ಅಂತ ಹಾಕ್ರಿ," ಎಂದಳು ದಾನಮ್ಮ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರುತ್ತದೆ, ನಿನ್ನ ಉತ್ತರವೇನು ಎಂದು ಮಾಸ್ತರರು ಪರಮಾನಂದನಿಗೆ ಪತ್ರ ಬರೆದರು. ಉತ್ತರದ ಬದಲು ಮಟಮಟ ಮಧ್ಯಾಹ್ನ ಅವನೇ ಬಂದ. ಕಾಲಿಗೆ ನಮಸ್ಕಾರ ಮಾಡಿ ಆವಕ ಪುಸ್ತಕ ಕೇಳಿದ. ಲೇಖನ ಬಂದ ತಾರೀಖು, ತನಗೆ ಕಳಿಸಿದ ತಾರೀಖು ಎರಡೂ ಅದರಲ್ಲಿದ್ದವು. ಮಾಸ್ತರರು ಪುಸ್ತಕವನ್ನು ಎದೆಗೆ ಅವಚಿಕೊಂಡರು. ಪರಮಾನಂದ ಬಾಗಿಲಿಗೆ ಅಗಳಿ ಹಾಕಿ, ಅಂಗಿ ಹಿಡಿದು ಅವರನ್ನು ಕುರ್ಚಿಗೆ ದೂಡಿ, ಬಲಗೈಯನ್ನು ಮೇಜಿಗೆ ಒತ್ತಿ ರೂಲು ಎತ್ತಿದ.

"ಎಣಸ್ರಿ ಸರ್," ಎಂದ.

ಮೊದಲ ಏಟಿಗೆ ಕಿರುಬೆರಳು ಲಟಕ್ಕೆಂದಿತು. ಮಾಸ್ತರರು ಎಣಿಸಲಿಲ್ಲ, ಅವನೇ ಎಣಿಸಿದ. ಮೂರಕ್ಕೆ ಉಗುರು ಕಿತ್ತು ರಕ್ತ ಪ್ರೂಫಿನ ಹಾಳೆಗಳ ಮೇಲೆ ಹರಿಯಿತು. ಐದಕ್ಕೆ ಅವರು ಚೀರಿದರು. ಆರಕ್ಕೆ ಎಪ್ಪತ್ತೆರಡರ ಮುದುಕರು ಸಾಲೆಯ ಹುಡುಗನ ಹಾಗೆ ಸಾಕೋ ಎಂದು ಅತ್ತರು. ಒಂಬತ್ತಕ್ಕೆ ಅವನು ನಿಲ್ಲಿಸಿದ. ಅವನೂ ಅಳುತ್ತಿದ್ದ.

"ಆವತ್ತ ನಾ ಕಾಪಿ ಹೊಡದಿದ್ದಿಲ್ಲರಿ. ಬಾಜೂಕ ಕುಂತ ವೀರೇಶ ನಂದು ನೋಡಿ ಬರದಿದ್ದ. ಎರಡೂ ಒಂದ ಥರಾ ಅದಾವ ಅಂತ ನೀವು ನನ್ನ ಹೊಡದ್ರಿ. ಮೊದಲ ಯಾರು ಬರದ್ರು ಅಂತ ಕೇಳಲಿಲ್ಲ."

ಪುಸ್ತಕ ಕಿತ್ತುಕೊಂಡು ಅಂಗಳದಲ್ಲಿ ಕಡ್ಡಿ ಗೀರಿ ಸುಟ್ಟು ಹೋದ. ಆದರೆ ಸೋಮವ್ವ ಆಗಲೇ ಅವನ ಹೆಸರಿನ ಕೆಳಗೆ ಅಚ್ಚಾಗಿ ಕುಳಿತಿದ್ದಳು. ಅವಳನ್ನು ಸುಡುವುದು ಅವನ ಕೈಲಾಗುವ ಕೆಲಸವಾಗಿರಲಿಲ್ಲ.

ಮಾಸ್ತರರು ಮುರಿದ ಕೈಗೆ ಪಟ್ಟಿ ಕಟ್ಟಿಸಿಕೊಂಡು, ಪೊಲೀಸರಿಗೆ ದೂರು ಕೊಟ್ಟು, ದಾನಮ್ಮನನ್ನು ಕರೆಸಿದರು. ಗುರುಬಾಯಿಯೂ ಕೂಡ ಬಂದಳು. ಮಾಸ್ತರರು ಹೇಳುತ್ತ ಹೋದರು, ದಾನಮ್ಮ ಟೈಪ್ ಮಾಡಿದಳು. ಲೇಖನ ದಾನಮ್ಮನದು. ಪರಿಶೀಲನೆಗೆ ಹೋದಲ್ಲಿ ಪರಮಾನಂದ ಅದನ್ನು ಕದ್ದ. ಸೋಮವ್ವ ಎಂಬುದು ಮಗ್ಗದ ಮಾತಲ್ಲ, ಒಂದು ಮನೆಯ ಚೇಷ್ಟೆ, ಆ ತಪ್ಪು ಲೇಖಕಿಯದು.

"ಇದ್ದಾಗ ನಮ್ಮ ಮನಿ ಮುರದ್ಲು, ಸತ್ತ ಮ್ಯಾಲೆ ಒಬ್ಬಾಂವನ ನೌಕರಿ ಮುರೀತಾಳ," ಎಂದಳು ಗುರುಬಾಯಿ.

ಮಾಸ್ತರರು ನಗಲಿಲ್ಲ. ಇನ್ನೊಂದು ತಿದ್ದುಪಡಿ ಉಳಿದಿದೆ ಎಂದರು. ಸಾವಳಗಿಯ ಸಾಲೆಯಲ್ಲಿ, ಏಳನೆಯ ತರಗತಿಯಲ್ಲಿ ಪರಮಾನಂದ ಬರೆದ ಪ್ರಬಂಧ ಅವನ ಸ್ವಂತದ್ದು. ವಿಚಾರಿಸದೆ ಒಂಬತ್ತು ಏಟು ಹೊಡೆದದ್ದು ಸಂಪಾದಕನ ತಪ್ಪು. ನನ್ನ ಲೇಖನ ಕದ್ದವನಿಗೆ, ನಿಮ್ಮ ಕೈ ಮುರಿದವನಿಗೆ ಇದೆಲ್ಲ ಯಾಕೆ ಎಂದು ದಾನಮ್ಮ ಸಿಟ್ಟಿನಿಂದಲೇ ಕೇಳಿದಳು.

"ಅವಂದೂ ಹೆಸರು ಹೋಗಿತ್ತವ್ವಾ. ಬರಿ," ಎಂದರು.

ಅವಳು ಬರೆದಳು. ಪ್ರಬಂಧದ ಹೆಸರೇನಿತ್ತು ಎಂದು ಕೇಳಿದಳು. ಅದು ಮಾಸ್ತರರಿಗೆ ನೆನಪಿರಲಿಲ್ಲ. ಏಟು ಎಷ್ಟೆಂಬುದಷ್ಟೇ ನೆನಪಿತ್ತು.